ಪೆಟ್ರಾದ ಮೂವತ್ತಮೂರು ವರ್ಷ, ನಮ್ಮ ಚರ್ಚ್ ಹಾಲ್‌ನಲ್ಲಿ ಒಂದು ಸಂಜೆ

ನಾನು ಮೈಸೂರಿನ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ ಗಿಟಾರ್ ನುಡಿಸುವವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಭಾನುವಾರದ ಆರಾಧನೆ, ಶನಿವಾರದ ಯೂತ್ ಮೀಟಿಂಗ್, ನಡುವೆ ಮದುವೆ, ಡಿಸೆಂಬರ್ ಬಂದರೆ ಕ್ಯಾರಲ್ಸ್, ಇಷ್ಟು ನನ್ನ ಸಂಗೀತ. ಒಮ್ಮೆ ಯೂತ್‌ನವರು ಬಂದು, "ಅಣ್ಣಾ, ಕ್ರಿಶ್ಚಿಯನ್ ರಾಕ್ ಅಂದ್ರೆ ಏನು ಅಂತ ಒಂದು ಸಂಜೆ ಹೇಳಿಕೊಡಿ, ನುಡಿಸಿ ಬೇರೆ ತೋರಿಸಿ" ಅಂದರು. ರಾಕ್ ಸಂಗೀತದಲ್ಲಿ ಕ್ರೈಸ್ತ ವಿಶ್ವಾಸವನ್ನು ಹಾಡುವ ಈ ಇಡೀ ಪ್ರಕಾರದ ಚರಿತ್ರೆ ಹೇಳಹೊರಟರೆ ಅದು ಹೆಸರುಗಳ ಪಟ್ಟಿಯಾಗುತ್ತದೆ, ಹತ್ತು ನಿಮಿಷಕ್ಕೆ ಎಲ್ಲರ ಕೈಗೂ ಮೊಬೈಲ್ ಬರುತ್ತದೆ. ಅದಕ್ಕೆ ಒಂದೇ ಬ್ಯಾಂಡ್ ಹಿಡಿದೆ: ಪೆಟ್ರಾ. 1972ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಊರಿನಲ್ಲಿ ಶುರುವಾಗಿ, 2005ರ ಕೊನೆಯ ರಾತ್ರಿ ನಾರ್ತ್ ಕೆರೊಲೈನಾದ ಮರ್ಫಿಯಲ್ಲಿ ವಿದಾಯ ಹೇಳಿದ ತಂಡ. ಈ ಪ್ರಕಾರದ ಏಳುಬೀಳುಗಳೆಲ್ಲ ಇದೊಂದರ ಬೆನ್ನ ಮೇಲೆಯೇ ಹಾದುಹೋಗಿವೆ.

ಮೊದಲು ಮಾಡಿದ ಕೆಲಸ, ಆಲ್ಬಮ್‌ಗಳನ್ನು ಇಸವಿ ಪ್ರಕಾರ ಒಂದಾದ ಮೇಲೊಂದು ಕೇಳಿದ್ದು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದುಕೊಂಡೆ. ಹಾಡಿದ್ದು ಯಾರು, ಬರೆದದ್ದು ಯಾರು, ಧ್ವನಿಮುದ್ರಣದ ನಿರ್ಮಾಪಕ ಯಾರು. ಮೊದಲ ಕಾಲಂ ಬದಲಾಗುತ್ತಲೇ ಹೋಯಿತು, ಮೂರನೆಯದೂ ಅಷ್ಟೆ. ಎರಡನೆಯ ಕಾಲಂನಲ್ಲಿ ಮಾತ್ರ ಪುಟ ತಿರುವಿದಷ್ಟೂ ಒಂದೇ ಹೆಸರು, ಬಾಬ್ ಹಾರ್ಟ್‌ಮನ್. ತಂಡ ಕಟ್ಟಿದ ಗಿಟಾರ್ ವಾದಕ ಅವರೇ. ಬ್ಯಾಂಡಿನ ಕಥೆ ಅಂದರೆ ಹಾಡುಗಾರನ ಕಥೆ ಅಂತಲೇ ಎಲ್ಲರ ಲೆಕ್ಕ. ಪೆಟ್ರಾದಲ್ಲಿ ಗಂಟಲು ಬದಲಾಯಿತು, ಪೆನ್ನು ಬದಲಾಗಲಿಲ್ಲ. ನನ್ನ ಸಂಜೆಗೆ ಈ ಎಳೆ ಸಾಕಾಗಿತ್ತು.

ಆರಂಭದ ವರ್ಷಗಳನ್ನು ಬೇಗ ಮುಗಿಸಿದೆ. 1974ರ ಮೊದಲ ಆಲ್ಬಮ್‌ನಲ್ಲಿ ಅಮೆರಿಕದ ದಕ್ಷಿಣದ ರಾಕ್ ಇದೆ, ಕಂಟ್ರಿ ಸಂಗೀತದ ವಾಸನೆ ಇದೆ, ಸರಿಯಾದ ಹಾಡುಗಾರ ಇಲ್ಲ. ಹಾರ್ಟ್‌ಮನ್ ಮತ್ತು ಇನ್ನೊಬ್ಬ ಗಿಟಾರ್ ವಾದಕ ಗ್ರೆಗ್ ಹಫ್ ಅವರೇ ಹಾಡಿ ನಿಭಾಯಿಸಿದ್ದಾರೆ. ಚರ್ಚಿನವರಿಗೆ ಇದು ಸೈತಾನನ ಗದ್ದಲ, ಕ್ಲಬ್ಬಿನವರಿಗೆ ಇದು ಚರ್ಚಿನ ಉಪದೇಶ. ಎರಡೂ ಕಡೆ ಬಾಗಿಲು ಅರ್ಧ ಮುಚ್ಚಿತ್ತು. ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಆರಂಭದ ನಾಲ್ವರಲ್ಲಿ ಉಳಿದದ್ದು ಹಾರ್ಟ್‌ಮನ್ ಒಬ್ಬರೇ. ಈ ಭಾಗಕ್ಕೆ ನಾನು ಅಕೌಸ್ಟಿಕ್ ಗಿಟಾರ್‌ನಲ್ಲಿ ಅರ್ಧ ನಿಮಿಷ ಒಂದು ರಿಫ್, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ನುಡಿಸಿ ಮುಂದೆ ಹೋದೆ. ಅದಕ್ಕಿಂತ ಹೆಚ್ಚು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಳೇ ಅಭಿಮಾನಿಗಳು ಜಗಳಕ್ಕೆ ಬರಬಹುದು.

ನಿಜವಾದ ಕಥೆ ಶುರುವಾಗುವುದು ಗ್ರೆಗ್ ಎಕ್ಸ್. ವೋಲ್ಜ್ ಮೈಕ್ ಹಿಡಿದ ಮೇಲೆ. 1977ರ ಎರಡನೆಯ ಆಲ್ಬಮ್‌ಗೆ ಅತಿಥಿಯಾಗಿ ಬಂದವರು ಆಮೇಲೆ ತಂಡದ ದನಿಯೇ ಆದರು. 1981ರ 'ನೆವರ್ ಸೇ ಡೈ' ಆಲ್ಬಮ್‌ನಲ್ಲಿ ಒಂದು ಮೆದುವಾದ ಹಾಡು ಕ್ರಿಶ್ಚಿಯನ್ ರೇಡಿಯೋಗಳಲ್ಲಿ ಓಡಿತು. ರಾಕ್ ಬ್ಯಾಂಡಿಗೆ ಬಾಗಿಲು ತೆರೆದದ್ದು ಅದರ ಅತ್ಯಂತ ಮೆತ್ತನೆಯ ಹಾಡು! 1982ರ 'ಮೋರ್ ಪವರ್ ಟು ಯಾ', 1983ರ 'ನಾಟ್ ಆಫ್ ದಿಸ್ ವರ್ಲ್ಡ್' ಬರುವ ಹೊತ್ತಿಗೆ ಲೂಯಿ ವೀವರ್ ಡ್ರಮ್ಸ್‌ನಲ್ಲಿ ಕೂತಿದ್ದರು, ಸಿಂಥಸೈಜರ್ ಗಿಟಾರ್‌ನ ಸಮಕ್ಕೆ ನಿಂತಿತ್ತು, ಹಾಡುಗಳು ದೊಡ್ಡ ಸಭಾಂಗಣಕ್ಕೆ ಅಳತೆ ಹಾಕಿ ಹೊಲಿದ ಹಾಗಿದ್ದವು.

ನುಡಿಸುವಾಗ ತೊಡಕಾದದ್ದು ಶ್ರುತಿ. ವೋಲ್ಜ್ ಬಹಳ ಮೇಲೆ ಹಾಡುತ್ತಾರೆ. ನಮ್ಮ ಹುಡುಗರು ಪಲ್ಲವಿಗೆ ಬರುತ್ತಿದ್ದ ಹಾಗೆ ಕೂಗತೊಡಗುತ್ತಾರೆ, ಎರಡನೇ ಹಾಡಿಗೆ ಗಂಟಲು ಬಿದ್ದುಹೋಗುತ್ತದೆ. ಕೆಳಗಿಳಿಸಿದರೆ ಗಿಟಾರ್‌ನ ಓಪನ್ ತಂತಿಗಳ, ಅಂದರೆ ಬೆರಳೊತ್ತದೆ ಮೀಟುವ ತಂತಿಗಳ, ಮೊಳಗು ಸತ್ತುಹೋಗುತ್ತದೆ. ಕೊನೆಗೆ ಕ್ವಾಯರ್‌ನಲ್ಲಿ ಆಲ್ಟೋ, ಅಂದರೆ ಹೆಂಗಸರ ಕೆಳದನಿಯ ಭಾಗ, ಹಾಡುವ ಹುಡುಗಿಯೊಬ್ಬಳ ಕೈಗೆ ಮೈಕ್ ಕೊಟ್ಟೆ. ಗಂಡಸಿಗೆ ತುದಿಗಾಲಲ್ಲಿ ನಿಂತು ಮುಟ್ಟಬೇಕಾದ ಜಾಗ ಅವಳ ದನಿಗೆ ನಡುಮನೆ. ಒಂದು ಹಾಡಿನ ಶ್ರುತಿಯನ್ನೂ ಮುಟ್ಟದೆ ವೋಲ್ಜ್ ಕಾಲದ ಹಾಡುಗಳೆಲ್ಲ ಮುಗಿದವು. ಚರ್ಚ್ ಬ್ಯಾಂಡ್ ನಡೆಸುವವರು ಇದನ್ನೊಂದು ಸಲ ಪ್ರಯತ್ನಿಸಿ ನೋಡಿ.

ಇಲ್ಲಿ ಒಂದು ಸಂಗತಿಗೆ ಸ್ವಲ್ಪ ಹೊತ್ತು ನಿಂತೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಒಂದು ಭಯ ಹಬ್ಬಿತ್ತು: ರಾಕ್ ರೆಕಾರ್ಡುಗಳನ್ನು ಹಿಂದುಮುಂದಾಗಿ ತಿರುಗಿಸಿದರೆ ಸೈತಾನನ ಸಂದೇಶ ಕೇಳುತ್ತದಂತೆ. ಮಾತು ಶಾಸನಸಭೆಗಳವರೆಗೂ ಹೋಗಿತ್ತು. ಪೆಟ್ರಾದವರು 1982ರ ಆಲ್ಬಮ್‌ನಲ್ಲಿ ಯೇಸುವನ್ನು ಮುದ್ದಿಟ್ಟು ಹಿಡಿದುಕೊಟ್ಟ ಯೂದನ ಬಗೆಗಿನ ಹಾಡಿನ ಮುಂಚೆ ಬೇಕಂತಲೇ ಹಾಗೆ ತಿರುಗಿಸಿದ ಒಂದು ತುಣುಕು ಇಟ್ಟರು. ಆ ತುಣುಕನ್ನು ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶಕ್ಕೆ ಹಾಕಿಕೊಂಡಿದ್ದೆ. ಮೊದಲು ಇದ್ದ ಹಾಗೇ ಕೇಳಿಸಿದೆ. ಯಾರೋ ನೀರೊಳಗೆ ಮುಳುಗಿ ಗೊಣಗಿದ ಹಾಗೆ ಒಂದು ಸದ್ದು. ಮುಂದಿನ ಸಾಲಿನಲ್ಲಿದ್ದ ಕಮಿಟಿಯ ಹಿರಿಯರೊಬ್ಬರು, "ಇದೆಲ್ಲ ಬೇಕಿತ್ತೇನಪ್ಪಾ?" ಅಂದರು. ಆಮೇಲೆ ಎಫೆಕ್ಟ್ ಮೆನುವಿನಲ್ಲಿ ರಿವರ್ಸ್ ಒತ್ತಿ ಮತ್ತೆ ಹಾಕಿದೆ. ಸ್ಪಷ್ಟ ಇಂಗ್ಲಿಷ್. ಕನ್ನಡದಲ್ಲಿ ಹೇಳಿದೆ: ಕರ್ತನನ್ನು ಹುಡುಕಬೇಕಾದ ಹೊತ್ತಲ್ಲಿ ಸೈತಾನನನ್ನು ಯಾಕೆ ಹುಡುಕುತ್ತಿದ್ದೀರಿ? ಹಾಲ್‌ನಲ್ಲಿ ನಗೆಯೋ ನಗೆ. ಆ ಹಿರಿಯರೂ ನಕ್ಕರು. "ಇನ್ನೊಂದ್ಸಲ ಹಾಕು" ಅಂದರು.

1985ರಲ್ಲಿ ವೋಲ್ಜ್ ತಂಡ ಬಿಟ್ಟರು. ಜನ ಪೆಟ್ರಾ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಜಾನ್ ಶ್ಲಿಟ್ ಬಂದರು. ಅವರು ಎಪ್ಪತ್ತರ ದಶಕದಲ್ಲಿ ಹೆಡ್ ಈಸ್ಟ್ ಎಂಬ ರಾಕ್ ತಂಡದ ಹಾಡುಗಾರರಾಗಿದ್ದವರು, ಚಟಗಳಿಂದ ಕೆಲಸ ಕಳೆದುಕೊಂಡು, ಕ್ರೈಸ್ತ ವಿಶ್ವಾಸಕ್ಕೆ ಬಂದು, ಸಂಗೀತ ಬಿಟ್ಟು ಗಣಿಯ ನೌಕರಿ ಹಿಡಿದಿದ್ದರು. 1986ರ 'ಬ್ಯಾಕ್ ಟು ದ ಸ್ಟ್ರೀಟ್' ನನಗೆ ಅಷ್ಟಕ್ಕಷ್ಟೆ. ಹೊಸ ದನಿಗೆ ಹಳೆ ಅಂಗಿ ತೊಡಿಸಿದ್ದಾರೆ. 1987ರ 'ದಿಸ್ ಮೀನ್ಸ್ ವಾರ್!' ಮತ್ತು 1988ರ 'ಆನ್ ಫೈರ್!'ನಲ್ಲಿ ಅಂಗಿ ಸರಿಹೋಯಿತು. ಟಿವಿಯಲ್ಲಿ ಧರ್ಮೋಪದೇಶ ಮಾಡುತ್ತಿದ್ದ ಜಿಮ್ಮಿ ಸ್ವಾಗಾರ್ಟ್ ಕ್ರಿಶ್ಚಿಯನ್ ರಾಕ್ ವಿರುದ್ಧ ಗುಡುಗುತ್ತಿದ್ದದ್ದೂ ಅದೇ ವರ್ಷಗಳಲ್ಲಿ.

ದನಿ ಬದಲಾದದ್ದು ಸಭಿಕರ ಕಿವಿಗೆ ಬೀಳಲಿ ಅಂತ ಇಲ್ಲಿ ಹುಡುಗಿಯಿಂದ ಮೈಕ್ ತೆಗೆದು ಒರಟು ಗಂಟಲಿನ ಹುಡುಗನಿಗೆ ಕೊಟ್ಟೆ. ಶ್ಲಿಟ್ ಕೂಡ ಮೇಲೇ ಹಾಡುತ್ತಾರೆ, ಆದರೆ ಅವರ ದನಿಯಲ್ಲಿ ಮರಳಿದೆ. ಅವನಿಗಾಗಿ ಗಿಟಾರ್, ಬೇಸ್ ಎರಡನ್ನೂ ಪೂರ್ತಿ ಒಂದು ಸ್ವರ ಕೆಳಕ್ಕೆ ಟ್ಯೂನ್ ಮಾಡಿದೆವು. ತಂತಿ ಸಡಿಲವಾಗಿ ರಿಫ್‌ಗಳಿಗೆ ತೂಕ ಬಂತು. ಕೀಬೋರ್ಡ್‌ನಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಆಯಿತು.

ಹಿರಿಯರ ವಿಷಯಕ್ಕೆ ಬರುತ್ತೇನೆ. ಡ್ರಮ್ಸ್ ಬಗ್ಗೆ ಮೊದಲೇ ತಕರಾರು ಇತ್ತು. ಬೈಬಲಿನ 150ನೇ ಕೀರ್ತನೆ ತೆಗೆದು ದಮ್ಮಡಿ, ತಾಳ ಅಂತೆಲ್ಲ ತೋರಿಸಿದ್ದಾಯಿತು; ತೋರಿಸಿದ್ದಕ್ಕೆಲ್ಲ ಯಾರೂ ಒಪ್ಪುವುದಿಲ್ಲ. ಒಪ್ಪಿಸಿದ್ದು ಬೇರೆಯೇ ಒಂದು ವಿಷಯ. ಪೆಟ್ರಾದ ಕ್ಯಾಸೆಟ್ಟಿನ ಒಳಹಾಳೆ ನೋಡಿದವರಿಗೆ ಗೊತ್ತು, ಹಾಡಿನ ಸಾಹಿತ್ಯದ ಜೊತೆ ಅದಕ್ಕೆ ಆಧಾರವಾದ ಬೈಬಲ್ ವಚನದ ಅಧ್ಯಾಯ, ಸಂಖ್ಯೆ ಅಚ್ಚಾಗಿರುತ್ತದೆ. ಹಾರ್ಟ್‌ಮನ್ ಬರೆಯುವ ರೀತಿಯೇ ಅದು: ಮೊದಲು ವಚನ, ಅದರ ಮೇಲೆ ಹಾಡು. ನಮ್ಮ ಸಭೆಯ ಅರ್ಧದಷ್ಟು ಜನಕ್ಕೆ ಇಂಗ್ಲಿಷ್ ಹಾಡು ಅರ್ಥವಾಗುವುದಿಲ್ಲ. ಸಾಹಿತ್ಯ ಅನುವಾದಿಸುವ ಗೋಜಿಗೆ ನಾನು ಹೋಗಲಿಲ್ಲ. ಆ ವಚನಗಳ ಉಲ್ಲೇಖಗಳನ್ನಷ್ಟೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಹಂಚಿದೆ. ಹಾಡು ಶುರುವಾಗುವ ಮುಂಚೆ ಯಾರಾದರೂ ಒಬ್ಬರು ಎದ್ದು ತಮ್ಮ ಕನ್ನಡ ಬೈಬಲಿನಿಂದ ಓದುವುದು, ಆಮೇಲೆ ನಾವು ನುಡಿಸುವುದು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಎರಡು ಸಲ ಎದ್ದು ಓದಿದರು. ಇಂಗ್ಲಿಷ್‌ನ ಒಂದು ಪದ ಬಾರದಿದ್ದರೂ ಹಾಡು ಯಾವುದರ ಬಗ್ಗೆ ಅನ್ನುವುದು ಅವರಿಗೆ ನನ್ನ ಡ್ರಮ್ಮರ್‌ಗಿಂತ ಚೆನ್ನಾಗಿ ಗೊತ್ತಿತ್ತು.

1989ರಲ್ಲಿ ಪೆಟ್ರಾ ಸ್ತುತಿಗೀತೆಗಳದ್ದೇ ಒಂದು ಆಲ್ಬಮ್ ತಂದಿತು. ಭಾನುವಾರದ ಆರಾಧನೆಗೆ ನೇರವಾಗಿ ಎತ್ತಿಕೊಳ್ಳಬಹುದಾದ ಹಾಡುಗಳು. ರಾಕ್ ಬೇಕೆನ್ನುವ ಕೆಲವರು ಮೂಗು ಮುರಿಯುತ್ತಾರೆ. ಆದರೆ ಮುಂದೆ ಚರ್ಚುಗಳಲ್ಲೆಲ್ಲ ಗಿಟಾರ್, ಡ್ರಮ್ಸ್ ಇಟ್ಟ ವರ್ಷಿಪ್ ಸಂಗೀತವೇ ತುಂಬಿಕೊಂಡಿತಲ್ಲ, ಆ ದಾರಿಯಲ್ಲಿ ಇವರು ಮೊದಲೇ ನಡೆದಿದ್ದರು. 1990ರ 'ಬಿಯಾಂಡ್ ಬಿಲೀಫ್' ತಂಡಕ್ಕೆ ಅಮೆರಿಕದ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿಯನ್ನು ಮೊದಲ ಸಲ ತಂದಿತು. ಆಗಿನ ನಿರ್ಮಾಪಕರು ಎಲೆಫಾಂಟೆ ಸಹೋದರರು. ಅವರಲ್ಲಿ ಜಾನ್, ಕ್ಯಾನ್ಸಸ್ ಎಂಬ ರಾಕ್ ತಂಡದಲ್ಲಿ ಹಾಡಿದವರು. ಹಿಮ್ಮೇಳದ ದನಿಗಳನ್ನು ಪದರ ಪದರವಾಗಿ ಜೋಡಿಸಿದ್ದು ಕೇಳಿದರೆ ಆ ಕೈ ಗೊತ್ತಾಗುತ್ತದೆ. ನಾವು ಮೂವರು ಕ್ವಾಯರ್‌ನವರನ್ನು ಒಂದೇ ಮೈಕಿಗೆ ನಿಲ್ಲಿಸಿ ಹತ್ತಿರ ಬಂದೆವು. 'ಅನ್‌ಸೀನ್ ಪವರ್', 'ವೇಕ್‌-ಅಪ್ ಕಾಲ್' ಎರಡಕ್ಕೂ ಗ್ರ್ಯಾಮಿ ಬಂತು. ಮುಂದೆ 2000ದ 'ಡಬಲ್ ಟೇಕ್' ಸೇರಿ ಒಟ್ಟು ನಾಲ್ಕು.

1995ರಲ್ಲಿ ಹಾರ್ಟ್‌ಮನ್ ಕುಟುಂಬದ ಜೊತೆ ಇರಲೆಂದು ಪ್ರವಾಸ ನಿಲ್ಲಿಸಿದರು, ಬರೆಯುವುದನ್ನು ನಿಲ್ಲಿಸಲಿಲ್ಲ. ವೇದಿಕೆಯ ಮೇಲೆ ತಂಡ ಕಟ್ಟಿದವರು ಒಬ್ಬರೂ ಇಲ್ಲ, ಆದರೂ ಅದು ಪೆಟ್ರಾ! ಆ ವರ್ಷಗಳಲ್ಲಿ ಸದಸ್ಯರು ಬಂದುಹೋದ ವೇಗಕ್ಕೆ ನನ್ನ ಕಾಲಂ ಸಾಲದೆ ಪಕ್ಕದಲ್ಲಿ ಬರೆದೆ. ಸಂಜೆಯಲ್ಲಿ ಅದನ್ನು ಎರಡು ವಾಕ್ಯಕ್ಕೆ ಮುಗಿಸಿ 2003ರ 'ಜೆಕಿಲ್ ಅಂಡ್ ಹೈಡ್'ಗೆ ಹಾರಿದೆ. ಹಾರ್ಟ್‌ಮನ್ ವಾಪಸ್, ನಿರ್ಮಾಪಕ ನ್ಯೂಸ್‌ಬಾಯ್ಸ್ ತಂಡದ ಪೀಟರ್ ಫರ್ಲರ್, ಕೀಬೋರ್ಡ್ ಹಿಂದೆ ಸರಿದು ಗಿಟಾರ್ ದಪ್ಪ. ಟ್ಯೂನಿಂಗ್ ಇಳಿಸಿದ್ದು ಇಲ್ಲಿ ಬಹಳ ಉಪಯೋಗಕ್ಕೆ ಬಂತು. 2005ರಲ್ಲಿ ವಿದಾಯ ಪ್ರವಾಸ. ಆಮೇಲೂ ಹಳಬರು ಸೇರಿ ನುಡಿಸಿದ್ದಾರೆ. 2010ರಲ್ಲಿ ವೋಲ್ಜ್ ಮರಳಿ ಬಂದು ಹಳೆಯ ಹಾಡುಗಳನ್ನು ಮತ್ತೆ ಮುದ್ರಿಸಿದ್ದಾರೆ.

ಕಾರ್ಯಕ್ರಮದ ನಂತರ ಹುಡುಗರು ಎಲ್ಲಿಂದ ಕೇಳಲು ಶುರುಮಾಡಬೇಕು ಅಂತ ಕೇಳಿದರು. 1982ರದ್ದು ಮೊದಲು, ಅದರ ಹಿಂದೆಯೇ 1990ರದ್ದು ಕೇಳಿ ಅಂದೆ. ಇಬ್ಬರು ಹಾಡುಗಾರರಲ್ಲಿ ನೀವು ಯಾರ ಕಡೆ ಅನ್ನುವುದು ಅಷ್ಟಕ್ಕೇ ತೀರ್ಮಾನವಾಗುತ್ತದೆ. ನಾನು ವೋಲ್ಜ್ ಕಡೆ, ಡ್ರಮ್ಮರ್ ಶ್ಲಿಟ್ ಕಡೆ. ಆಲ್ಟೋ ಹುಡುಗಿಗೆ ಇಬ್ಬರೂ ಅಷ್ಟಾಗಿ ಹಿಡಿಸಲಿಲ್ಲವಂತೆ, ಮುಂದಿನ ಸಲ ಸ್ವಿಚ್‌ಫುಟ್ ಅನ್ನುವ ಇನ್ನೊಂದು ಬ್ಯಾಂಡ್ ಮಾಡೋಣ ಅನ್ನುತ್ತಿದ್ದಾಳೆ.