ಕಡಲ ತೀರದ ಊರುಗಳ ಸೀಸನ್ ಫುಡ್ ಫೆಸ್ಟ್‌ಗೆ ಹೋಗೋರಿಗೆ

ಸಂಜೆ ರಶ್‌ನಲ್ಲಿ ಹೋಗ್ಬೇಡಿ, ಶುರುವಾದ ಮೊದಲ ಗಂಟೇಲೇ ಹೋದ್ರೆ ಪಾರ್ಕಿಂಗೂ ಸಿಗತ್ತೆ, ಒಳ್ಳೆ ಮಾಲೂ ಖಾಲಿ ಆಗಿರಲ್ಲ. ಎಲ್ಲಾ ಸ್ಟಾಲ್ ಒಂದು ರೌಂಡ್ ಹಾಕಿ ಆಮೇಲೆ ದುಡ್ಡು ಬಿಚ್ಚಿ. ಮೀನು ತಗೊಳೋದಾದ್ರೆ ಕಣ್ಣು ಉಬ್ಬಿ ಹೊಳೀತಿರ್ಬೇಕು, ಕಿವಿರು ಕೆಂಪಗಿರ್ಬೇಕು, ಬೆರಳಲ್ಲಿ ಒತ್ತಿದ್ರೆ ಗುಂಡಿ ಹಾಗೇ ಉಳೀಬಾರ್ದು, ಅಮೋನಿಯಾ ಥರ ವಾಸನೆ ಬಂದ್ರೆ ಸುಮ್ನೆ ಮುಂದೆ ಹೋಗಿ. ಹಸಿ ಚಿಪ್ಪಿ ಬಾಯಿ ಬಿಟ್ಕೊಂಡಿದ್ರೆ ಮೆಲ್ಲಗೆ ತಟ್ಟಿ ನೋಡಿ, ಮುಚ್ಕೊಳ್ಳಿಲ್ಲ ಅಂದ್ರೆ ಬಿಟ್ಬಿಡಿ, ಬೇಯಿಸಿದ್ಮೇಲೂ ಬಾಯಿ ಬಿಡದೇ ಇರೋದನ್ನೂ ತಿನ್ಬೇಡಿ.

ಬಿಯರ್, ವೈನ್ ಟೇಸ್ಟಿಂಗ್ ಇದ್ರೆ ಖಾಲಿ ಹೊಟ್ಟೇಲಿ ಬೇಡ, ಲೈಟ್ ಇರೋದು ಮೊದ್ಲು, ಸ್ಟ್ರಾಂಗ್ ಆಮೇಲೆ, ಗಾಡಿ ಓಡಿಸೋರು ಮುಟ್ಲೇಬಾರ್ದು. ಇನ್ನೊಂದು, ಜೋರು ಗಾಳಿ ಇದ್ದಾಗ ಸಣ್ಣ ಬೋಟ್‌ಗಳು ಕಡಲಿಗೆ ಇಳಿಯಲ್ಲ, ಅವತ್ತು ಫ್ರೆಶ್ ಅನ್ನೋ ಬೋರ್ಡ್ ನೋಡಿ ಮರುಳಾಗ್ಬೇಡಿ, ಯಾವತ್ತು ಹಿಡಿದಿದ್ದು ಅಂತ ಕೇಳಿ.