ಜರ್ಮನಿ ಆಫೀಸಿನಲ್ಲಿ 'ನೀನು' ಯಾವಾಗ, 'ನೀವು' ಯಾವಾಗ?

ಈ ಸಲ ರಜೆಗೆ ಹುಬ್ಬಳ್ಳಿಗೆ ಬಂದಿದ್ದಾಗ, ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತಾ ಗದಗಿನ ಹುಡುಗನೊಬ್ಬ ಕೇಳಿದ: "ಅಣ್ಣಾ, ಮುಂದಿನ ತಿಂಗಳು ಜರ್ಮನಿಗೆ ಹೊಂಟೀನಿ. ಆಫೀಸಿನ್ಯಾಗ ಎಲ್ಲಾರಿಗೂ ಸರ್ ಅನ್ನಬೇಕೇನ್ರಿ?"

ಬೇಡಪ್ಪಾ. ಸರ್ ಅಲ್ಲಿ ನಡೆಯಲ್ಲ. ಆದರೆ ನಮ್ಮ 'ರೀ' ನಡೆಯುತ್ತದೆ.

ಜರ್ಮನ್ನಿನಲ್ಲೂ 'ಡು' ಅಂದರೆ ನೀನು, 'ಝೀ' ಅಂದರೆ ನೀವು. ಹುಬ್ಬಳ್ಳಿಯಲ್ಲಿ ನಾಲ್ಕು ದಿನ ಒಟ್ಟಿಗೆ ಚಹಾ ಕುಡಿದರೆ 'ರೀ' ಹೋಗಿ 'ಲೇ' ಬರುತ್ತದೆ, ಅಲ್ವಾ? ಅಲ್ಲಿ ಹಾಗಲ್ಲ. ವಯಸ್ಸಿನಲ್ಲೋ ಹುದ್ದೆಯಲ್ಲೋ ದೊಡ್ಡವರು "ಇನ್ನು ಡು ಅನ್ನೋಣ" ಎಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಗಂಡಸರಿಗೆ ಹೆರ್, ಹೆಂಗಸರಿಗೆ ಫ್ರಾವ್, ಮುಂದೆ ಮನೆತನದ ಹೆಸರು. ಐಟಿ ಕಡೆ ಮೊದಲ ದಿನವೇ ಡು ಎನ್ನುವುದು ಜಾಸ್ತಿ. ಆ ಧೈರ್ಯದ ಮೇಲೆ ನಾನು ಅಕೌಂಟ್ಸಿನ ಹಿರಿಯರೊಬ್ಬರಿಗೆ ಡು ಎಂದೆ. ಅವರು ಬೈಯಲಿಲ್ಲ. ಪ್ರತಿ ಮಾತಿನಲ್ಲೂ 'ಝೀ' ಒತ್ತಿ ಒತ್ತಿ ಉತ್ತರ ಕೊಟ್ಟರು. ಬೈದಿದ್ದರೇ ಚಲೋ ಇತ್ತು.

ಡು ಅಂದರು ಎಂದು ಸಲುಗೆ ಬೆಳೆಸಬೇಡಿ. ಸಂಬಳ ಎಷ್ಟು, ಮದುವೆ ಯಾಕೆ ಆಗಿಲ್ಲ, ಇವು ಬೇಡ. "ಈ ಕೆಲಸ ಸರಿಯಿಲ್ಲ" ಎಂದು ಅವರು ಮುಖಕ್ಕೇ ಹೇಳುತ್ತಾರೆ, ಮಧ್ಯಾಹ್ನ ಊಟಕ್ಕೂ ಕರೆಯುತ್ತಾರೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಿಜವಾಗಿ ಅವಮಾನ ಆದರೆ? ನಮ್ಮವರು ಸುಮ್ನೆ ನುಂಗಿಕೊಳ್ಳುತ್ತಾರೆ. ಅಲ್ಲಿ 'ಬೆಟ್ರೀಬ್ಸ್‌ರಾಟ್' ಎಂಬ, ನೌಕರರ ಪರ ಮಾತಾಡುವ ಸಮಿತಿ ಇರುತ್ತದೆ. ಇದು ಯೂನಿಯನ್ ಅಲ್ಲ, ಚಂದಾ ಇಲ್ಲ. ಕಾಯಂ ನೌಕರರು 5 ಜನ ಇದ್ದರೂ ಸಾಕು, ಓಟು ಹಾಕಿ ಆರಿಸಬಹುದು. 4 ವರ್ಷಕ್ಕೊಮ್ಮೆ ಚುನಾವಣೆ. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳುವುದಿಲ್ಲ, ನಮಗೂ ಓಟಿದೆ. ಆದರೆ ಎಲ್ಲಾ ಕಂಪನಿಯಲ್ಲೂ ಇರುವುದಿಲ್ಲ, ನೌಕರರೇ ಮುಂದೆ ಬಂದು ಕಟ್ಟಬೇಕು. ಇದ್ದರೆ, ದೂರು ಕೊಡಲು ಹೋಗುವಾಗ ಸಮಿತಿಯವರೊಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ದೂರು ಕೊಟ್ಟರೆಂದು ತೊಂದರೆ ಕೊಡುವಂತಿಲ್ಲ.

ಜನಾಂಗ, ಧರ್ಮ, ವಯಸ್ಸು, ಹೆಣ್ಣು-ಗಂಡು ಎಂದು ಭೇದ ಮಾಡಿದರೆ 2006ರ ಸಮಾನತೆಯ ಕಾನೂನು ಇದೆ. ಪರಿಹಾರ ಕೇಳಲು ಆ ಕಾನೂನು ಕೊಟ್ಟ ಗಡುವು ಎರಡೇ ತಿಂಗಳು. ಹಾಗಾಗಿ ಏನಾಯಿತು, ಯಾರಿದ್ದರು, ತಾರೀಕು ಯಾವುದು, ಅವತ್ತೇ ಸಂಜೆ ಬರೆದಿಡಿ.

ಇನ್ನೊಂದು. ಹುಟ್ಟುಹಬ್ಬದವರೇ ಎಲ್ಲರಿಗೂ ಕೇಕ್ ತರಬೇಕು. ಅದರ ಬದಲು ಧಾರವಾಡ ಪೇಡೆ ಒಯ್ಯೋಣ ಅನ್ನಬೇಡಿ. ಭಾರತದಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಕಸ್ಟಮ್ಸ್‌ನವರು ಕಸಿದುಕೊಳ್ಳುತ್ತಾರೆ. ಹುಡುಗ ಆಗಲೇ ಎರಡು ಕಿಲೋ ಹೇಳಿಟ್ಟಿದ್ದನಂತೆ.