ದಪ್ಪ ಕಂಬ, ಕೂದಲೆಳೆ ಗೆರೆ: ಫ್ಯಾಟ್‌ಫೇಸ್ ಫಾಂಟ್ ಬಳಸುವ ಬಗೆ

ಅಬ್ರಿಲ್ ಫ್ಯಾಟ್‌ಫೇಸ್ ಫಾಂಟಿನಲ್ಲಿ ಇಂಗ್ಲಿಷಿನ ದೊಡ್ಡ ಎಚ್ ಅಕ್ಷರವನ್ನು ಟೈಪ್ ಮಾಡಿ, ಪರದೆ ತುಂಬುವಷ್ಟು ಹಿಗ್ಗಿಸಿ ನೋಡಿ. ಎರಡು ಕಪ್ಪು ಕಂಬ, ನಡುವೆ ಕೂದಲೆಳೆಯಂಥ ಅಡ್ಡಗೆರೆ, ಕಂಬಗಳ ತಲೆಗೂ ಬುಡಕ್ಕೂ ಅಷ್ಟೇ ತೆಳುವಾದ ಚಪ್ಪಟೆ ಸೆರಿಫ್, ಅಂದರೆ ಅಕ್ಷರದ ತುದಿಯ ಅಡ್ಡಪಟ್ಟಿ. 18ನೇ ಶತಮಾನದ ಕೊನೆಗೆ ಪ್ಯಾರಿಸ್ಸಿನ ಡಿಡೋ ಮನೆತನದವರು ಮತ್ತು ಪಾರ್ಮಾದ ಬೊಡೋನಿ ದಪ್ಪ-ತೆಳುವಿನ ಈ ಅಂತರವನ್ನು ತುದಿಗೆ ಮುಟ್ಟಿಸಿದರು. ಆಮೇಲೆ ಲಂಡನ್ನಿನ ಅಚ್ಚುಮೊಳೆ ತಯಾರಕರು ಭಿತ್ತಿಪತ್ರ, ಜಾಹೀರಾತುಗಳಿಗಾಗಿ ಕಂಬಗಳನ್ನು ಇನ್ನಷ್ಟು ಊದಿಸಿದರು. ಫ್ಯಾಟ್‌ಫೇಸ್ ಎಂದರೆ ಈ ಊದಿದ ಶೈಲಿಯೇ. ಕಣ್ಣು ಸೆಳೆಯುವುದು ಕಂಬ. ಕೆಲಸ ಕೆಡುವುದು ಎಳೆಯಲ್ಲಿ.

ಆದ್ದರಿಂದ ಮೊದಲು ಎಳೆಯನ್ನು ಲೆಕ್ಕ ಹಾಕಿ. ಫಾಂಟಿನ ಪೂರ್ತಿ ಅಳತೆಯನ್ನು 1000 ಸಮ ಪಾಲು (ಯೂನಿಟ್) ಮಾಡಿದರೆ ಎಳೆ 20 ಯೂನಿಟ್ ಎಂದುಕೊಳ್ಳಿ. 12 ಪಾಯಿಂಟಿನಲ್ಲಿ ಎಳೆಯ ದಪ್ಪ 0.24 ಪಾಯಿಂಟ್, 48ರಲ್ಲಿ 0.96. ಬಿಳಿ ಕಾಗದದ ಮೇಲೆ ಕಪ್ಪಾಗಿ ಅಚ್ಚಾಗುವುದಾದರೆ ಎಳೆ 0.25 ಪಾಯಿಂಟಿಗಿಂತ ಕೆಳಗಿಳಿಯದಿರಲಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾದರೆ ಸುತ್ತಲಿನ ಮಸಿ ಹರಡಿ ಎಳೆಯನ್ನು ನುಂಗುತ್ತದೆ, ಅಲ್ಲಿ 0.5 ಬೇಕು. ಹಿನ್ನೆಲೆ ನಾಲ್ಕು ಬಣ್ಣ ಸೇರಿ ಆಗಿದ್ದರೆ ಒಂದು ಬಣ್ಣದ ಅಚ್ಚಿನ ಪ್ಲೇಟ್ ತುಸು ಸರಿದರೂ ಎಳೆ ಮುಚ್ಚಿಹೋಗುತ್ತದೆ, 1 ಪಾಯಿಂಟ್ ಇಟ್ಟುಕೊಳ್ಳುವುದೇ ಕ್ಷೇಮ. ಪರದೆಯಲ್ಲಿ ಇದೇ ಎಳೆ 16 ಪಿಕ್ಸೆಲ್ ಅಕ್ಷರಕ್ಕೆ 0.32 ಪಿಕ್ಸೆಲ್ ಆಗಿ, ಮಾಸಲು ಬೂದು ಗೆರೆಯಾಗಿ ಉಳಿಯುತ್ತದೆ. ಪೂರ್ತಿ ಒಂದು ಪಿಕ್ಸೆಲ್ ಸಿಗುವುದು 50ಕ್ಕೆ.

ವೆಬ್ ಪುಟಗಳಲ್ಲಿ ಪದೇ ಪದೇ ಕಾಣುವ ತಪ್ಪೊಂದಿದೆ. ಅಬ್ರಿಲ್ ಫ್ಯಾಟ್‌ಫೇಸ್‌ಗೆ ಇರುವುದು ಒಂದೇ ತೂಕ (ದಪ್ಪದ ಮಟ್ಟ), 400. ಶೀರ್ಷಿಕೆಯ ಟ್ಯಾಗ್ ತಾನಾಗಿಯೇ ಬೋಲ್ಡ್ ಕೇಳುತ್ತದೆ. ಆಗ ಬ್ರೌಸರ್ ಅಕ್ಷರಕ್ಕೆ ಸುಳ್ಳು ದಪ್ಪ ಬಳಿಯುತ್ತದೆ, ಎಳೆ ಉಬ್ಬಿ ಒಳಗಿನ ಬಿಳಿ ಜಾಗ ಕಟ್ಟಿಕೊಳ್ಳುತ್ತದೆ. ಪುಟದ ಸಿಎಸ್ಎಸ್‌ನಲ್ಲಿ (ವಿನ್ಯಾಸದ ಕೋಡ್) ಶೀರ್ಷಿಕೆಗೆ ಫಾಂಟ್-ವೇಟ್ 400 ಎಂದು ಸ್ಪಷ್ಟವಾಗಿ ಬರೆಯಿರಿ.

ಸಣ್ಣ ಅಳತೆಗೂ ಇದೇ ಚೆಹರೆ ಬೇಕೆಂದರೆ ಆಪ್ಟಿಕಲ್ ಸೈಜ್, ಅಂದರೆ ಅಳತೆಗೆ ತಕ್ಕಂತೆ ಅಕ್ಷರದ ರೂಪ ಬದಲಾಗುವ ಸೌಲಭ್ಯ, ಇರುವ ಫಾಂಟ್ ಹುಡುಕಿ. ಬೊಡೋನಿ ಮೋಡಾ ಫಾಂಟಿನಲ್ಲಿ ಅದು 6ರಿಂದ 96ರವರೆಗೆ ಇದೆ. ಕೆಳಗಿಳಿದಷ್ಟೂ ಎಳೆ ದಪ್ಪವಾಗುತ್ತದೆ.

ಅಂತರದ ವಿಷಯ. 60 ಪಾಯಿಂಟಿನ ಮೇಲೆ ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ, ಅಕ್ಷರದಳತೆಯ ಸಾವಿರದ ಪಾಲಿನಲ್ಲಿ) ಮೈನಸ್ 10ರಿಂದ ಮೈನಸ್ 20, ಸಾಲಿನ ಅಂತರ ಅಕ್ಷರದಳತೆಯ 1.0ರಿಂದ 1.1ರಷ್ಟು. ಎ ಪಕ್ಕದ ವಿ, ಟಿ ಪಕ್ಕದ ಒ ಇಂಥ ಜೋಡಿಗಳನ್ನು ಕೈಯಾರೆ ಸರಿಪಡಿಸಿ. ‘ಮಿನಿಮಮ್’ನಂಥ ಪದವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಜೋಡಿಸಿದರೆ ಬರೀ ಕಂಬಗಳೇ ಸಾಲುಗಟ್ಟಿ ಬೇಲಿಯ ಗೂಟದಂತೆ ಕಾಣುತ್ತವೆ. ಟ್ರ್ಯಾಕಿಂಗ್ ಅದನ್ನು ಉಳಿಸಲಾರದು, ಪದವನ್ನೇ ಬದಲಿಸುವುದು ಒಳ್ಳೆಯದು.

ಮುಖಪುಟ, ಪೋಸ್ಟರ್, ಲೇಖನದ ಮೊದಲ ದೊಡ್ಡಕ್ಷರ, ದೊಡ್ಡ ಅಂಕಿಗಳು: ಇವು ಇದರ ಜಾಗ. ಅಂಕಿಗಳಂತೂ ಬಲು ಚೆಂದ, 2, 3, 5ರ ತುದಿಯ ಗುಂಡು ಬೊಟ್ಟಿಗಾಗಿಯೇ ಇದನ್ನು ಆರಿಸಬಹುದು. ಪಠ್ಯಕ್ಕೆ ದಪ್ಪ-ತೆಳು ಹೆಚ್ಚಿಲ್ಲದ ಸಾದಾ ಸ್ಯಾನ್ಸ್ (ಸೆರಿಫ್ ಇಲ್ಲದ ಫಾಂಟ್) ಜೊತೆಗಿರಲಿ. ರಸ್ತೆಯ ದಾರಿಫಲಕಕ್ಕೆ ಮಾತ್ರ ಬೇಡ: ದೂರದಿಂದ ಎಳೆಗಳು ಮಾಯವಾಗಿ ಎಚ್ ಎಂಬುದು ಬರೀ ಎರಡು ಕಂಬವಾಗುತ್ತದೆ.